ಡಬ್ಬಿ ಕೋಣೆಗಳ ಜಾಕ್ ತಾತ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶಾಲೆಯ ಹಿಂದಿನ ಮೈದಾನದಲ್ಲಿ ಒಂದು ಜೊತೆ ಕಾಲು ಮಾತ್ರ ಕಾಣುತ್ತಿವೆ. ಮಿಕ್ಕ ಮನುಷ್ಯ ಒಂಬತ್ತನೇ ನಂಬರಿನ ಕೋಣೆಯ ಅಡಿಯಲ್ಲಿದ್ದಾನೆ. ಅಲ್ಲಿಂದ ಮೊದಲು ಕೆಮ್ಮು ಕೇಳುತ್ತದೆ, ಆಮೇಲೆ ಕಬ್ಬಿಣದ ಕಿರ್ರೆನ್ನುವ ಸದ್ದು, ಆಮೇಲೆ ಬೈಗುಳ. ಬೈಗುಳ ಪತ್ರಿಕೆಗೆ ಬರೆಯಲು ಬಂದ ನನಗಲ್ಲ, ಕೋಣೆಗೆ. "ಮತ್ತೆ ಕೂತ್ಯಾ? ಮೊನ್ನೆ ತಾನೆ ಎಬ್ಬಿಸಿದ್ದೆನಲ್ಲೋ, ಮಾನ ಮರ್ಯಾದೆ ಇಲ್ವಾ ನಿಂಗೆ?"

ಸ್ವಲ್ಪ ಹೊತ್ತಿಗೆ ತಾತ ತೆವಳಿಕೊಂಡು ಹೊರಗೆ ಬರುತ್ತಾರೆ. ತಲೆ ತುಂಬ ಜೇಡರ ಬಲೆ, ಮೊಣಕೈಗೆ ಕೆಸರು. ಕೈಯಲ್ಲಿ ಲಾರಿಯವರು ಟೈರು ಬಿಚ್ಚಲು ಬಳಸುವಂಥ ಗಿಡ್ಡ ಜಾಕ್. ಈ ಜಾಕ್‌ನಿಂದಲೇ ಅವರಿಗೆ ಹೆಸರು. ಶಾಲೆಯ ಮಕ್ಕಳಿಗೆ ಅವರು ಜಾಕ್ ತಾತ, ಮಕ್ಕಳ ಅಪ್ಪ ಅಮ್ಮಂದಿರಿಗೂ ಜಾಕ್ ತಾತ. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದೆಯಂತೆ. "ಆ ಹೆಸರು ಹಿಡಿದು ಕೂಗಿದ್ರೆ ನಾನೇ ತಿರುಗಿ ನೋಡಲ್ಲ ಸಾರ್," ಎಂದು ನಗುತ್ತಾರೆ.

ಅವರ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಬಹುದು: ಶಾಲೆ ವಾಲದಂತೆ ನೋಡಿಕೊಳ್ಳುವುದು. ಹಿಂದಿನ ಮೈದಾನದಲ್ಲಿ ಸಾಲಾಗಿ ನಿಂತಿರುವ ಹದಿನಾರು ಕೋಣೆಗಳಿಗೆ ತಳಪಾಯವಿಲ್ಲ. ತಗಡಿನ ಗೋಡೆ, ತಗಡಿನ ಸೂರು, ಹಲಗೆಯ ನೆಲ. ಲಾರಿಯಲ್ಲಿ ತಂದು ಸಿಮೆಂಟು ಬ್ಲಾಕುಗಳ ಮೇಲೆ ಇಟ್ಟು ಹೋದ ಡಬ್ಬಿಗಳು ಅವು. ಸರಕಾರಿ ಭಾಷೆಯಲ್ಲಿ ‘ತಾತ್ಕಾಲಿಕ ಕೊಠಡಿ’, ಊರಿನವರ ಬಾಯಲ್ಲಿ ಡಬ್ಬಿ. ಅಡಿಯ ಮಣ್ಣು ಮೆತ್ತಗಾದಂತೆ ಬ್ಲಾಕು ಕುಸಿಯುತ್ತದೆ, ಬ್ಲಾಕು ಕುಸಿದಂತೆ ಮೂಲೆ ತಗ್ಗುತ್ತದೆ, ಮೂಲೆ ತಗ್ಗಿದರೆ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ತಾತ ಜಾಕ್ ಕೊಟ್ಟು ಮೂಲೆ ಎತ್ತುತ್ತಾರೆ, ಸಂದಿಗೆ ಮರದ ಬೆಣೆ ಹೊಡೆಯುತ್ತಾರೆ, ಜಾಕ್ ಇಳಿಸುತ್ತಾರೆ. ಮಳೆಗಾಲ ಬಂತೆಂದರೆ ಹದಿನಾರರಲ್ಲಿ ಒಂದಾದರೂ ಕೋಣೆ ಕೂರದ ದಿನವಿಲ್ಲ.

ಮೂಲೆ ಎಷ್ಟು ಎತ್ತಬೇಕೆಂದು ಹೇಗೆ ಗೊತ್ತಾಗುತ್ತದೆ? ತಾತ ಅಂಗಿಯ ಜೇಬಿನಿಂದ ಹಸಿರು ಗಾಜಿನ ಗೋಲಿ ತೆಗೆಯುತ್ತಾರೆ. ಕೋಣೆಯೊಳಗೆ ಹೋಗಿ ಅದನ್ನು ನಟ್ಟನಡುವೆ ಇಟ್ಟು, ಉಸಿರು ಬಿಗಿಹಿಡಿದು ನೋಡುತ್ತಾರೆ. ಗೋಲಿ ಒಂದು ಕ್ಷಣ ಯೋಚಿಸಿ ಕರಿಹಲಗೆಯ ಕಡೆ ಹೊರಡುತ್ತದೆ. "ನೋಡಿದ್ರಾ? ಇನ್ನೂ ಅರ್ಧ ಬೆರಳು ಬೇಕು," ಎನ್ನುತ್ತ ಮತ್ತೆ ಅಡಿಗೆ ಹೋಗುತ್ತಾರೆ.

ಮಟ್ಟ ನೋಡುವ ರಸಮಟ್ಟ ಇಲ್ಲವೇ ಎಂದು ನಾನು ಕೇಳಿದ್ದಕ್ಕೆ ಕೆಳಗಿನಿಂದಲೇ ಉತ್ತರ ಬಂತು. "ಇದೆ ಸಾರ್, ಇಲ್ಲದೆ ಏನು? ಅದು ಇಟ್ಟ ಜಾಗದ ಸುದ್ದಿ ಮಾತ್ರ ಹೇಳುತ್ತೆ. ಗೋಲಿಯಾದ್ರೆ ಇಡೀ ಕೋಣೆ ಸುತ್ತಿ ಬಂದು ಚಾಡಿ ಹೇಳುತ್ತೆ." ಆ ಗೋಲಿ ಅವರ ಮಗಳದು. ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ ಪಾಠದ ನಡುವೆ ಆಡಿ ಟೀಚರ್ ಕೈಗೆ ಸಿಕ್ಕಿಬಿದ್ದಿದ್ದಳು. ಟೀಚರ್ ಅದನ್ನು ಅಪ್ಪನ ಕೈಗೆ ಕೊಟ್ಟರು, ಅಪ್ಪ ಇವತ್ತಿನವರೆಗೆ ವಾಪಸು ಕೊಟ್ಟಿಲ್ಲ.

ಮಗಳು ಮೂರನೇ ಕ್ಲಾಸಿನಲ್ಲಿದ್ದ ಆ ವರ್ಷವೇ ಮೊದಲ ಎರಡು ಡಬ್ಬಿಗಳು ಇಲ್ಲಿಗೆ ಬಂದದ್ದು. ಅಲ್ಲಿಯವರೆಗೆ ರಸ್ತೆಯ ಕಡೆಗಿರುವ ಐದು ಕೋಣೆಗಳ ಇಟ್ಟಿಗೆ ಕಟ್ಟಡವೇ ಶಾಲೆ. ಊರಾಚೆ ದೊಡ್ಡ ಕಾರ್ಖಾನೆ ಶುರುವಾಯಿತು, ಕೆಲಸಗಾರರ ಮನೆಗಳೆದ್ದವು, ಮನೆಗಳ ಜೊತೆ ಮಕ್ಕಳೂ ಬಂದರು. ಒಂದು ಬೆಂಚಿಗೆ ಐದೈದು ಮಕ್ಕಳು ಕೂರುವ ಹೊತ್ತಿಗೆ ಇಲಾಖೆಯವರು ಡಬ್ಬಿ ಕಳಿಸಿದರು. ಎರಡೇ ವರ್ಷ, ಅಷ್ಟರೊಳಗೆ ಪಕ್ಕಾ ಕಟ್ಟಡ, ಎಂದು ಮಾತು ಕೊಟ್ಟರು. ಡಬ್ಬಿ ಕಂಡು ಮುಖ ಸಿಂಡರಿಸಿದ ಮಗಳಿಗೆ ತಾತನೂ ಅದನ್ನೇ ಹೇಳಿದರು. "ಎರಡೇ ವರ್ಷ ಕಣಮ್ಮ, ಆಮೇಲೆ ಮಹಡಿ ಇರೋ ಸ್ಕೂಲು."

ಮಗಳು ಆ ಡಬ್ಬಿಯಲ್ಲೇ ಕಲಿತು, ಹೈಸ್ಕೂಲಿಗೆ ಹೋಗಿ, ಹೊಲಿಗೆ ಕಲಿತು, ಮದುವೆಯಾಗಿ, ಈಗ ಅವಳ ಮಗಳು ಒಂಬತ್ತನೇ ಕೋಣೆಯಲ್ಲಿ ಒಂದನೇ ಕ್ಲಾಸು. ಎರಡು ವರ್ಷ ಇನ್ನೂ ಮುಗಿದಿಲ್ಲ ನೋಡಿ! ಎರಡು ಡಬ್ಬಿ ನಾಲ್ಕಾಯಿತು, ನಾಲ್ಕು ಹತ್ತಾಯಿತು, ಹದಿನಾರಾಯಿತು. ಮಕ್ಕಳು ಎಂಟುನೂರು ದಾಟಿದ್ದಾರೆ. ಶೌಚಾಲಯ ಮಾತ್ರ ಹಳೇ ಕಟ್ಟಡದಲ್ಲಿದ್ದ ನಾಲ್ಕೇ ನಾಲ್ಕು. ಡಬ್ಬಿಗೆ ನಲ್ಲಿ ನೀರಿಲ್ಲವಾದ್ದರಿಂದ ಪುಟ್ಟ ಮಕ್ಕಳು ಮಳೆಯಲ್ಲಿ ನೆನೆಯುತ್ತ ಅಲ್ಲಿಗೇ ಓಡಬೇಕು, ಸಾಲಿನಲ್ಲಿ ನಿಲ್ಲಬೇಕು. ನಿಲ್ಲಲಾಗದವರ ಪಾಡು ಕೇಳಬೇಡಿ.

ಡಬ್ಬಿಗೆ ಒಳ್ಳೆಯ ಗುಣವೇ ಇಲ್ಲವೆಂದಲ್ಲ. ಇಲಾಖೆಯ ವಾದ ನನಗೂ ಗೊತ್ತು. ಕಟ್ಟಡಕ್ಕೆ ವರ್ಷಗಟ್ಟಲೆ ಬೇಕು, ಡಬ್ಬಿ ವಾರದಲ್ಲಿ ತಯಾರು. ಮಕ್ಕಳು ಹೆಚ್ಚಿದರೆ ತಂದಿಡಬಹುದು, ಕಡಿಮೆಯಾದರೆ ಎತ್ತಿಕೊಂಡು ಹೋಗಬಹುದು. ಕೇಳಲು ಎಷ್ಟು ಚೆಂದ! ಆದರೆ ತಂದಿಟ್ಟ ಲಾರಿಯನ್ನು ಈ ಊರು ಕಂಡಿದೆ, ಎತ್ತಿಕೊಂಡು ಹೋದ ಲಾರಿಯನ್ನು ಯಾರೂ ಕಂಡಿಲ್ಲ.

ಬೆಲ್ಲು ಹೊಡೆದ ಮೇಲೆ ನಾನು ಒಂಬತ್ತನೇ ಕೋಣೆಯ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಮಕ್ಕಳು ಒಳಗೆ ಬರುವ ರೀತಿಯೇ ಬೇರೆ. ಆರು ವರ್ಷದ ಮಕ್ಕಳು ಕಳ್ಳಬೆಕ್ಕಿನ ಹಾಗೆ ಹೆಜ್ಜೆ ಇಡುತ್ತಾರೆ. ಓಡಿದರೆ ನೆಲ ಕುಣಿಯುತ್ತದೆ, ಬರೆಯುತ್ತಿರುವ ಎಲ್ಲರ ಅಕ್ಷರ ಕೆಡುತ್ತದೆ, ಅದಕ್ಕೇ ಸೇರಿದ ಮೊದಲ ದಿನದ ಮೊದಲ ಪಾಠ ಮೆಲ್ಲಗೆ ನಡೆಯುವುದು. ಇನ್ನೊಂದು ಪಾಠ ಜೋರಾಗಿ ಮಾತಾಡುವುದು. ಪಕ್ಕದ ಕೋಣೆಯ ಮಗ್ಗಿ, ಆಚೆ ಕೋಣೆಯ ಪದ್ಯ ಎಲ್ಲ ತಗಡು ದಾಟಿ ಬರುವುದರಿಂದ ಕಿರುಚದೆ ಗತಿಯಿಲ್ಲ. ಮಳೆ ಜೋರಾದರೆ ಕಿರುಚಿದರೂ ಕೇಳುವುದಿಲ್ಲ. ಆಗ ಟೀಚರ್ ಎರಡೂ ಕೈ ಎತ್ತುತ್ತಾರೆ, ಮಕ್ಕಳು ತಮ್ಮಷ್ಟಕ್ಕೆ ಕಾಪಿ ಬರೆಯಲು ಕೂರುತ್ತಾರೆ. ಇದಕ್ಕೆ ಇಲ್ಲಿ ‘ಮಳೆ ಪಾಠ’ ಎಂದೇ ಹೆಸರು. ಈ ಶಾಲೆಯ ಮಕ್ಕಳನ್ನು ಹೈಸ್ಕೂಲಿನವರು ಮೊದಲ ದಿನವೇ ಗುರುತು ಹಿಡಿಯುತ್ತಾರಂತೆ: ಮೆಲ್ಲಗೆ ನಡೆಯುತ್ತಾರೆ, ಜೋರಾಗಿ ಮಾತಾಡುತ್ತಾರೆ.

ಇನ್ನು ತಾತ ಮಾಡಿಕೊಂಡ ಎಡವಟ್ಟಿನ ಕಥೆ. ಒಳ್ಳೆಯ ಕೆಲಸ ಮಾಡಿ ಕೆಟ್ಟವರಾಗುವುದು ಹೇಗೆಂದು ತಿಳಿಯಬೇಕಾದರೆ ಇವರನ್ನೇ ಕೇಳಬೇಕು.

ಕೆಲವು ವರ್ಷಗಳ ಹಿಂದೆ ಕಟ್ಟಡದ ಕಾಲ ಕೂಡಿ ಬಂದಿತ್ತು. ಮೈದಾನದ ಕೊನೆಯಲ್ಲಿ ಅಳತೆ ಹಿಡಿದು, ತಳಪಾಯದ ಗುರುತಿಗೆ ಮರದ ಗೂಟಗಳನ್ನೂ ಹೊಡೆದಿದ್ದರು. ಒಂದು ಪರಿಶೀಲನೆ ಮಾತ್ರ ಬಾಕಿ. ಇಂಜಿನಿಯರು ಬರುತ್ತಾರೆಂದು ತಿಳಿದ ತಾತ, ಮನೆಗೆ ನೆಂಟರು ಬರುತ್ತಾರೇನೋ ಎನ್ನುವಷ್ಟು ಸಡಗರದಲ್ಲಿ ದಿನಗಟ್ಟಲೆ ದುಡಿದರು. ಎಲ್ಲ ಕೋಣೆ ಎತ್ತಿ ಸಮ ಮಾಡಿದರು, ಸೋರುವ ಸೂರಿಗೆ ಡಾಂಬರು ಬಳಿದರು, ತುಕ್ಕಿಗೆ ಬಣ್ಣ ಹೊಡೆದರು. ಇಂಜಿನಿಯರು ಬಂದಾಗ ಯಾರೂ ಕೇಳದೆಯೇ ಗೋಲಿ ತೆಗೆದು ನೆಲದ ಮೇಲಿಟ್ಟರು.

"ಗೋಲಿ ಅಲ್ಲಾಡಲಿಲ್ಲ ಸಾರ್. ಅವರು ಭೇಷ್ ಅಂದ್ರು. ನನಗೋ ಆಕಾಶಕ್ಕೆ ಮೂರೇ ಗೇಣು. ಒಂದು ಕೋಣೆ ಸಾಕು ಅಂದ್ರೂ ಬಿಡಲಿಲ್ಲ, ಕೈ ಹಿಡ್ಕೊಂಡು ಎಲ್ಲಾ ಕೋಣೆಗೂ ಕರ್ಕೊಂಡು ಹೋಗಿ ತೋರಿಸಿದೆ."

ಕಟ್ಟಡ ಹಾಳುಬಿದ್ದ ಶಾಲೆಗಳಿಗೆ ಮೊದಲು ಎಂಬುದು ಇಲಾಖೆಯ ನಿಯಮ. ಇಂಜಿನಿಯರು ತಪ್ಪು ಬರೆಯಲಿಲ್ಲ, ಕಂಡದ್ದನ್ನೇ ಬರೆದರು: ಕೊಠಡಿಗಳು ಸುಸ್ಥಿತಿಯಲ್ಲಿವೆ, ಇನ್ನೂ ಹತ್ತು ವರ್ಷ ಬಾಳುತ್ತವೆ. ಕಟ್ಟಡ ಬೇರೆ ಊರಿಗೆ ಹೋಯಿತು. ಗೂಟಗಳು ಇಲ್ಲೇ ಉಳಿದವು.

"ನಮ್ಮ ತಾತನಿಗೆ ಪ್ರಶಸ್ತಿ ಕೊಡಿಸ್ಬೇಕು, ಇಲ್ಲಾ ಕೆಲಸದಿಂದ ತೆಗೀಬೇಕು. ಎರಡರಲ್ಲಿ ಯಾವುದು ಅಂತ ನನಗಿನ್ನೂ ತೀರ್ಮಾನ ಮಾಡೋಕಾಗಿಲ್ಲ," ಎನ್ನುತ್ತಾರೆ ಹೆಡ್ ಟೀಚರ್. ಬಾಯಿ ನಗುತ್ತದೆ, ಕಣ್ಣು ನಗುವುದಿಲ್ಲ. ಅವರ ಮೇಜಿಗೂ ಕೋಣೆ ಇಲ್ಲ. ಇಟ್ಟಿಗೆ ಕಟ್ಟಡದ ತಾರಸಿಗೆ ಹತ್ತುವ ಮೆಟ್ಟಿಲಡಿಯ ಮೂಲೆಯೇ ಕಚೇರಿ. ಎದ್ದು ನಿಂತಾಗಲೆಲ್ಲ ತಲೆ ತಗ್ಗಿಸುವುದು ಅಭ್ಯಾಸವಾಗಿ ಹೋಗಿದೆ, ಮನೆಯಲ್ಲೂ ತಗ್ಗಿಸುತ್ತಾರಂತೆ.

ಈ ವರ್ಷ ಮತ್ತೆ ಅವಕಾಶ ಬಂತು. ಈ ಸಲ ಹೋರಾಟಕ್ಕೆ ಮುಂದೆ ನಿಂತದ್ದು ತಾತನ ಮಗಳೇ. ಹೊಲಿಗೆ ಮಿಷನ್ ಬಿಟ್ಟು ಮನೆ ಮನೆ ತಿರುಗಿದಳು, ಸಹಿ ಹಾಕಿಸಿದಳು, ಇಲಾಖೆಯ ಕಚೇರಿಯ ಬೆಂಚಿನಲ್ಲಿ ದಿನಗಟ್ಟಲೆ ಕಾದಳು. ಪರಿಶೀಲನೆ ಖಚಿತವಾದ ದಿನ ಮನೆಗೆ ಬಂದು ಅಪ್ಪನ ಎರಡೂ ಕೈ ಹಿಡಿದುಕೊಂಡಳು. "ಅಪ್ಪಾ, ಒಂದೇ ಒಂದು ತಿಂಗಳು. ಜಾಕ್ ಮುಟ್ಟಬೇಡ. ಕೂರೋ ಕೋಣೆ ಕೂರಲಿ, ಸೋರೋದು ಸೋರಲಿ. ಅವರು ಕಣ್ಣಾರೆ ನೋಡಲಿ." ತಾತ ಆಗಲಿ ಎಂದು ಮಾತು ಕೊಟ್ಟರು.

ಆ ದಿನಗಳಲ್ಲಿ ತಾತ ಅಂಗಳದ ಮರದ ಕೆಳಗೆ ಕೈಕಟ್ಟಿ ಕೂತಿರುತ್ತಿದ್ದರು. ಊಟ ಸೇರುತ್ತಿರಲಿಲ್ಲವಂತೆ. "ಕೋಣೆ ಕೂರೋದು ಕಿವಿಗೆ ಕೇಳುತ್ತೆ ಸಾರ್. ಟಕ್ ಅನ್ನುತ್ತೆ. ಕೇಳಿಸ್ಕೊಂಡೂ ಸುಮ್ಮನಿರೋದು ಅಂದ್ರೆ, ತೊಟ್ಟಿಲಲ್ಲಿ ಮಗು ಅಳ್ತಿದ್ರೂ ಎತ್ಕೊಳ್ಳದೆ ಇದ್ದ ಹಾಗೆ." ಗೋಡೆಗಳು ವಾಲಿದವು. ಮಳೆನೀರು ಕರಿಹಲಗೆಯ ಮೇಲೆ ಇಳಿಯಿತು. ಮಗಳಿಗೆ ಒಳಗೊಳಗೇ ಸಮಾಧಾನ. ಇಂಥದಕ್ಕೆ ಸಮಾಧಾನ ಪಡಬೇಕಾದ ಕಾಲ ತಾಯಿಗೆ ಬಂತಲ್ಲ, ಥೂ!

ಪರಿಶೀಲನೆಗೆ ಇನ್ನೇನು ಮೂರೋ ನಾಲ್ಕೋ ದಿನ ಇರುವಾಗ, ರಾತ್ರಿಯೆಲ್ಲ ಮಳೆ ಸುರಿದು ನಿಂತ ಬೆಳಿಗ್ಗೆ, ಪಾಠ ನಡೆಯುತ್ತಿದ್ದಂತೆಯೇ ಒಂಬತ್ತನೇ ಕೋಣೆಯ ಮೂಲೆ ಕುಸಿಯಿತು. ಬಾಗಿಲು ಮುಚ್ಚಿತ್ತು, ಹಾಗೇ ಕಚ್ಚಿಕೊಂಡಿತು. ಒಳಗೆ ಟೀಚರ್ ಮತ್ತು ಮೂವತ್ತಕ್ಕೂ ಹೆಚ್ಚು ಪುಟ್ಟ ಮಕ್ಕಳು. ಟೀಚರ್ ಒಳಗಿನಿಂದ ನೂಕಿದರು, ಹೊರಗಿನಿಂದ ಇನ್ನಿಬ್ಬರು ಎಳೆದರು. ಜಗ್ಗಲಿಲ್ಲ. ಕಿಟಕಿಗಳಿಗೆ ಕಂಬಿ. ಒಂದು ಮಗು ಅಳಲು ಶುರುಮಾಡಿತು, ಆಮೇಲೆ ಎಲ್ಲವೂ. ಆ ಗದ್ದಲದ ಮೇಲೆ ಒಂದು ದನಿ, ಈ ಶಾಲೆಯೇ ಕಲಿಸಿಕೊಟ್ಟ ಎತ್ತರದ ದನಿ, ಕೂಗಿತು: "ತಾತಾ!"

"ಮಾತು ಕೊಟ್ಟಿದ್ದೆ ಸಾರ್. ನೆನಪೂ ಇತ್ತು. ಕಾಲು ಕೇಳಲಿಲ್ಲ," ಎನ್ನುತ್ತಾರೆ ತಾತ. ಕೆಸರಿನಲ್ಲಿ ಮಲಗಿ ಜಾಕ್ ಕೊಟ್ಟರು. ಮೂಲೆ ಎದ್ದಿತು, ಬಾಗಿಲು ತಾನಾಗಿಯೇ ಸಡಿಲವಾಯಿತು. ಮಕ್ಕಳು ಹೊರಗೆ ಬಂದರು. ಒಂದು ಮಗು ನಿಂತಲ್ಲೇ ಉಚ್ಚೆ ಹೊಯ್ದುಕೊಂಡು, ಯಾರಾದರೂ ನಗುತ್ತಾರೇನೋ ಎಂದು ಸುತ್ತ ನೋಡುತ್ತಿತ್ತು. ಯಾರೂ ನಗಲಿಲ್ಲ. "ಬೆಂಕಿ ಗಿಂಕಿ ಬಿದ್ದಿದ್ರೆ ಏನ್ ಗತಿ ಸಾರ್?" ಎಂದು ತಾತ ನನ್ನನ್ನು ಕೇಳುತ್ತಾರೆ. 

ಅಲ್ಲಿಗೇ ನಿಲ್ಲಿಸಬಹುದಿತ್ತಲ್ಲ ಎಂದು ನಿಮಗೂ ಅನಿಸುತ್ತದೆ. ನಿಲ್ಲಿಸಲಾಗುವುದಿಲ್ಲ. ಕೋಣೆಗಳ ಮುಂದೆ ಉದ್ದಕ್ಕೂ ಒಂದೇ ಹಲಗೆಯ ದಾರಿ ಇದೆ, ಎಲ್ಲ ಕೋಣೆಗಳಿಗೂ ಬಿಗಿದದ್ದು. ಒಂಬತ್ತನ್ನು ಎತ್ತಿ ಹತ್ತನ್ನು ಬಿಟ್ಟರೆ ನಡುವೆ ಹಲಗೆ ಬಾಯಿ ಬಿಡುತ್ತದೆ, ಪುಟ್ಟ ಕಾಲು ಸಿಕ್ಕಿಕೊಳ್ಳುತ್ತದೆ. ಹತ್ತನ್ನು ಎತ್ತಿದರು. ಆಮೇಲೆ ಹನ್ನೊಂದು, ಇತ್ತ ಎಂಟು. ಇಂಜಿನಿಯರು ಬರುವ ಹೊತ್ತಿಗೆ ಹದಿನಾರೂ ಕೋಣೆಗಳು ಮಟ್ಟಸವಾಗಿ ನಿಂತಿದ್ದವು.

ಈ ಸಲ ತಾತ ಗೋಲಿ ತೆಗೆಯಲಿಲ್ಲ. ಹಿಂದೆ, ಗುಂಪಿನಲ್ಲಿ, ತಲೆ ತಗ್ಗಿಸಿ ನಿಂತಿದ್ದರು. ಹೊಸ ಇಂಜಿನಿಯರಿಗೆ ಹೆಡ್ ಟೀಚರ್ ಬಾಗಿಲು ಕಚ್ಚಿಕೊಂಡ ಕಥೆಯನ್ನು ಬಿಡಿಸಿ ಹೇಳಿದರು. ಇಂಜಿನಿಯರು ಒಂಬತ್ತನೇ ಕೋಣೆಯ ಬಾಗಿಲನ್ನು ಒಂದೇ ಬೆರಳಿನಿಂದ ನೂಕಿದರು. ಬಾಗಿಲು ಹೋಗಿ ಬಂತು. "ಈಗ ಸರಿ ಇದೆಯಲ್ಲ ಮೇಡಂ," ಎಂದರು. ಹೊರಡುವಾಗ, ಇಷ್ಟು ಚೆನ್ನಾಗಿ ನೋಡಿಕೊಳ್ಳುವವರು ಯಾರೆಂದು ಕೇಳಿ, ಹುಡುಕಿಕೊಂಡು ಬಂದು ತಾತನ ಬೆನ್ನು ತಟ್ಟಿದರು. ಮಗಳು ಅದನ್ನು ನೋಡುತ್ತ ನಿಂತಿದ್ದಳು.

ಕಳೆದ ವಾರ ಆದೇಶ ಬಂತು. ಕಟ್ಟಡ ಇಲ್ಲ. ಮಕ್ಕಳ ಸಂಖ್ಯೆ ಹೆಚ್ಚಿರುವುದರಿಂದ ಇನ್ನೂ ನಾಲ್ಕು ತಾತ್ಕಾಲಿಕ ಕೊಠಡಿಗಳು. ಲಾರಿಗಳು ನಿನ್ನೆಯೇ ಬಂದು ಇಳಿಸಿ ಹೋಗಿವೆ. ಇಟ್ಟದ್ದೆಲ್ಲಿ ಗೊತ್ತೆ? ತಳಪಾಯಕ್ಕೆಂದು ಗೂಟ ಹೊಡೆದ ಜಾಗದಲ್ಲೇ. ಬೇರೆ ಜಾಗ ಉಳಿದಿಲ್ಲ. ಮಕ್ಕಳಿಗೆ ಆಡಲೂ ಇನ್ನು ಜಾಗವಿಲ್ಲ, ಅದನ್ನು ಆದೇಶದಲ್ಲಿ ಬರೆದಿಲ್ಲ.

ಆದೇಶ ಬಂದಂದಿನಿಂದ ಮಗಳು ಅಪ್ಪನ ಜೊತೆ ಮಾತು ಬಿಟ್ಟಿದ್ದಾಳೆ. ಒಂದೇ ಮನೆ, ಒಂದೇ ಅಡುಗೆ. "ತಾತನಿಗೆ ಊಟಕ್ಕೆ ಬರೋಕೆ ಹೇಳು" ಎಂದು ಮಗುವಿಗೆ ಹೇಳುತ್ತಾಳೆ, ತಾತ ಎದುರಿಗೇ ಕೂತಿರುತ್ತಾರೆ. "ಅಮ್ಮನಿಗೆ ಸಾಕು ಅಂತ ಹೇಳು" ಎಂದು ತಾತನೂ ಮಗುವಿಗೇ ಹೇಳಬೇಕು. ಮಗು ಎರಡನ್ನೂ ಸೂರು ಹಾರಿಹೋಗುವಂತೆ ಕಿರುಚುತ್ತದೆ. ಇದನ್ನು ಹೇಳುವಾಗ ತಾತನಿಗೆ ನಗು ಬಂತು, ನಗು ಅರ್ಧಕ್ಕೇ ನಿಂತಿತು. "ಅವಳದ್ದೇನೂ ತಪ್ಪಿಲ್ಲ ಸಾರ್. ನಾನೇ ಕಲ್ಲು ಹಾಕಿದ್ದು."

ಮಧ್ಯಾಹ್ನ ನಾನು ಮಗಳ ಹೊಲಿಗೆ ಅಂಗಡಿಗೆ ಹೋದೆ. ಶಾಲೆಯ ಸಮವಸ್ತ್ರವನ್ನೇ ಹೊಲಿಯುತ್ತಿದ್ದಳು. "ಒಳಗಿದ್ದದ್ದು ನನ್ನ ಮಗಳು," ಎಂದಳು, ಮಿಷನ್ ನಿಲ್ಲಿಸದೆ. "ಅಪ್ಪ ಎತ್ತಿದ್ದು ತಪ್ಪು ಅಂತ ಯಾವ ಬಾಯಲ್ಲಿ ಹೇಳಲಿ? ಆದ್ರೆ ಈ ಸಿಟ್ಟನ್ನ ಎಲ್ಲಿ ಇಡಲಿ, ನೀವೇ ಹೇಳಿ. ಇಲಾಖೆಗೆ ಮುಖ ಇಲ್ಲ. ಅಪ್ಪನಿಗಿದೆ. ದಿನಾ ಎದುರಿಗೆ ಕಾಣುತ್ತೆ." ಆಮೇಲೆ ನನ್ನನ್ನು ನೋಡಲಿಲ್ಲ. ನಾನೂ ಹೆಚ್ಚು ಹೊತ್ತು ನಿಲ್ಲಲಿಲ್ಲ.

ನಾನು ವಾಪಸು ಬರುವಾಗ ತಾತ ಹೊಸ ಕೋಣೆಗಳ ಬಳಿ ಕೂತು ಕೊಡಲಿಯಿಂದ ಮರದ ಬೆಣೆ ಕೆತ್ತುತ್ತಿದ್ದರು. ಮರ ಎಲ್ಲಿಯದೆಂದು ಕೇಳಿದೆ. ಅವರು ಗಲ್ಲದಿಂದ ನೆಲದ ಕಡೆ ತೋರಿಸಿದರು. ತಳಪಾಯದ ಗುರುತಿಗೆ ಹೊಡೆದಿದ್ದ ಗೂಟಗಳನ್ನು ಕಿತ್ತು ರಾಶಿ ಹಾಕಿದ್ದರು. "ಗಟ್ಟಿ ಮರ ಸಾರ್. ಇಷ್ಟು ವರ್ಷ ಮಳೆ ಬಿಸಿಲಿಗೆ ಬಿದ್ದಿದ್ರೂ ಹಾಳಾಗಿಲ್ಲ. ಸುಮ್ನೆ ಯಾಕೆ ಬಿಸಾಡೋದು?" ಎನ್ನುತ್ತ ಮತ್ತೊಂದನ್ನು ಕೈಗೆತ್ತಿಕೊಂಡರು. 

ನಿಮಗೆ ಏನು ಆಸೆ ತಾತ, ಎಂದು ಕೊನೆಗೆ ಕೇಳಿದೆ. ಇಂಥ ಲೇಖನ ಬರೆಯುವವರು ಕೇಳಲೇಬೇಕಾದ ಪ್ರಶ್ನೆ ಅದು, ಕೇಳಿ ನನಗೇ ನಾಚಿಕೆಯಾಯಿತು. ತಾತ ಯೋಚಿಸಿದರು. "ಒಂದು ಗೋಡೆ ಸಾರ್. ಈ ಕಡೆ ಮೊಳೆ ಹೊಡೆದ್ರೆ ಆ ಕಡೆ ಕೋಣೆಯ ಭೂಪಟ ಕೆಳಗೆ ಬೀಳಬಾರದು. ನಾನು ಹಾಗೇ ಒಂದು ಸಲ ಅದಕ್ಕೆ ಬೆನ್ನು ಕೊಟ್ಟು ಕೂರಬೇಕು. ಇನ್ನೇನಿಲ್ಲ." ಆಮೇಲೆ ತಾವೇ ತಲೆಯಾಡಿಸಿದರು. "ಮುಂದಿನ ವರ್ಷ ನನ್ನ ರಿಟೈರ್‌ಮೆಂಟು. ಆಗೋ ಮಾತಲ್ಲ ಬಿಡಿ."

ಸಂಜೆ ಶಾಲೆ ಬಿಡುತ್ತದೆ. ಕೊನೆಯ ಹೊಸ ಕೋಣೆಯ ಕೊನೆಯ ಮೂಲೆ ಮಾತ್ರ ಬಾಕಿ. ತಾತ ಅಡಿಯಲ್ಲಿದ್ದಾರೆ. ಮೇಲೆ, ಖಾಲಿ ಕೋಣೆಯ ನಡುವೆ ಮೊಮ್ಮಗಳು ಕುಕ್ಕರುಗಾಲಲ್ಲಿ ಕೂತು ಗೋಲಿ ಕಾಯುತ್ತಿದ್ದಾಳೆ. ನಾನು ಬಾಗಿಲಾಚೆ ನಿಂತಿದ್ದೇನೆ. ಮಗುವನ್ನು ಕರೆದೊಯ್ಯಲು ಬಂದ ತಾಯಿ ಹೊಸ್ತಿಲ ಬಳಿ ಸದ್ದಿಲ್ಲದೆ ನಿಂತಿದ್ದಾಳೆ.

"ತಾತಾ, ಈ ಕೋಣೆ ಎಷ್ಟು ವರ್ಷ ಇರತ್ತೆ?" ಮಗು ಹಲಗೆಗೆ ಬಾಯಿಟ್ಟು ಕಿರುಚುತ್ತದೆ.

ಕೆಳಗೆ ಸುತ್ತಿಗೆಯ ಸದ್ದು ನಿಲ್ಲುತ್ತದೆ. "ಎರಡೇ ವರ್ಷ ಕಣಮ್ಮ," ಎನ್ನುತ್ತದೆ ತಾತನ ದನಿ. "ಆಮೇಲೆ ಮಹಡಿ ಇರೋ ಸ್ಕೂಲು."

ತಾಯಿ ಕೂಗಾಡುತ್ತಾಳೆ ಎಂದುಕೊಂಡೆ. ಅವಳು ಚಪ್ಪಲಿ ಕಳಚಿದಳು. ಹೊರಗೆ ಗೆಳತಿಯರು ಕರೆದರೆಂದು ಮಗು ಎದ್ದು, ಮೆಲ್ಲಗೆ ನಡೆದು, ಮೆಟ್ಟಿಲಿಳಿದ ಮೇಲೆ ಓಡಿತು. ತಾಯಿ ಅಷ್ಟೇ ಮೆಲ್ಲಗೆ ಒಳಗೆ ಬಂದು ಮಗು ಕೂತಿದ್ದ ಜಾಗದಲ್ಲಿ ಕೂತಳು. ಹಸಿರು ಗೋಲಿ ಕಿಟಕಿಯ ಕಡೆ ಹೊರಟಿತ್ತು. ಕೆಳಗೆ ಸುತ್ತಿಗೆಯ ಒಂದು ಏಟು ಬಿತ್ತು, ಇನ್ನೊಂದು ಬಿತ್ತು. ಗೋಲಿ ನಿಧಾನವಾಯಿತು.

"ನಿಂತಿತಾ ಪುಟ್ಟಿ?"

ಗೋಲಿ ಕಿಟಕಿ ಮುಟ್ಟುವ ಮೊದಲೇ ನಿಂತಿತು.

"ಪುಟ್ಟಿ, ಗೋಲಿ ನಿಂತಿತಾ?"

"ನಿಂತಿದೆ ಅಪ್ಪಾ," ಎಂದಳು ಮಗಳು.

ಕೆಳಗೆ ಸುತ್ತಿಗೆ ನೆಲಕ್ಕಿಟ್ಟ ಸದ್ದು ಕೇಳುತ್ತದೆ. ಆಮೇಲೆ ತಾತನ ದನಿ ಬರುತ್ತದೆ, ಈ ಶಾಲೆಯಲ್ಲಿ ಯಾರೂ ಮಾತಾಡದಷ್ಟು ಮೆಲ್ಲಗೆ. "ಬಾಗಿಲು ಒಂದ್ಸಲ ಹಾಕಿ ನೋಡಮ್ಮ. ಕಚ್ಕೊಳ್ಳುತ್ತಾ?"

ಮಗಳು ಎದ್ದು ಬಾಗಿಲು ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಅವಳು ಅಳುತ್ತಿದ್ದಳು.

"ಇಲ್ಲಪ್ಪಾ. ಚೆನ್ನಾಗಿದೆ."